ಎ.ಪಿ. ಅಂತ ಬರೆದ್ರೆ ಬೆಲೆ ಏರ್ತದಾ?

1/5
ಲಿನೋಕಟ್ ಮಾಡಿ ಮಾರೋ ಗೆಳೆಯರೆಲ್ಲ ಓದಿ. ಕೊಳ್ಳೋರೂ ಓದಿ. ಬೈಗುಳದ ಮೊದಲ ಪಾಲು ನನಗೇ ಇರ್ಲಿ.

ಕಳೆದ ವರ್ಷ ಅಡಿಕೆ ತೋಟದ ಒಂದು ಲಿನೋಕಟ್ ಮಾಡಿದ್ದೆ. ಹತ್ತೇ ಪ್ರತಿ ಅಂತ ಹೇಳಿ, 1/10ರಿಂದ 10/10ರ ತನಕ ಪೆನ್ಸಿಲ್‌ನಲ್ಲಿ ಬರೆದೆ. ಹತ್ತೂ ಖಾಲಿ ಆದ್ವು. ಇನ್ನೂ ಕೇಳಿದ್ರು. ಮತ್ತೆ ಹದಿನೈದು ತೆಗೆದು ಎಲ್ಲದರ ಕೆಳಗೂ ‘ಎ.ಪಿ.’ ಅಂತ ಹಾಕಿದೆ. ಸಿದ್ದಾಪುರದ ಅಕ್ಕ ಒಬ್ರು, ಇದು ಕಲಾವಿದರ ಸ್ವಂತ ಪ್ರತಿ ಅಲ್ದಾ ಅಂತ ನೂರು ರೂಪಾಯಿ ಹೆಚ್ಚೇ ಕೊಟ್ರು. ತಗೊಂಡೆ. ಅದು ಮೋಸ.

2/5
ಎ.ಪಿ. ಅಂದ್ರೆ ಆರ್ಟಿಸ್ಟ್ಸ್ ಪ್ರೂಫ್. ಎಡಿಷನ್ ಜೊತೆಗೇ, ಅದೇ ಬ್ಲಾಕಿನಿಂದ ತೆಗೆದು ಕಲಾವಿದ ತನಗಾಗಿ ಇಟ್ಟುಕೊಳ್ಳೋ ಕೆಲವೇ ಪ್ರತಿ. ಮಸಿ ಸರಿ ಕೂತಿದ್ಯಾ ಅಂತ ನೋಡೋಕೆ ತೆಗೆಯೋದು ಬೇರೆ, ಅದು ಟ್ರಯಲ್ ಪ್ರೂಫ್. ರೂಢಿಯಲ್ಲಿ ಎ.ಪಿ. ಇರೋದು ಎಡಿಷನ್ನಿನ 10%ರಷ್ಟು. ಹತ್ತಕ್ಕೆ ಒಂದು. ನಾನು ಹಾಕಿದ್ದು ಹದಿನೈದು! ಅಂದ್ರೆ ನನ್ನ ಎಡಿಷನ್ 10 ಅಲ್ಲ, 25.

1/10 ಸಿಕ್ಕಿದ್ರೆ ಅದೇ ಶ್ರೇಷ್ಠ ಅನ್ನೋದೂ ಭ್ರಮೆ. ಡ್ರೈಪಾಯಿಂಟ್‌ನಲ್ಲಿ ತಗಡಿನ ಗೀರು ಬೇಗ ಸವೀತದೆ, ಅಲ್ಲಿ ಮೊದಲ ಪ್ರತಿಗಳಿಗೆ ಅರ್ಥ ಇದೆ. ಲಿನೋದಲ್ಲಿ ಹತ್ತು ಪ್ರತಿಗೆ ಎಂತ ಸವೀತದೆ ಮಾರಾಯ್ರೆ?

3/5
ಈಗ ಇನ್ನೊಂದು ಹಾವಳಿ. ಪೇಂಟಿಂಗಿನ ಫೋಟೋ ತೆಗೆದು, ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಹೊಡೆದು, ಮೂಲೆಯಲ್ಲಿ 1/500 ಅಂತ ಬರೆದು ‘ಲಿಮಿಟೆಡ್ ಎಡಿಷನ್’ ಅನ್ನೋದು. ಪ್ರತಿಕೃತಿ ಅಂತ ಹೇಳಿ ಮಾರಿ, ತಕರಾರಿಲ್ಲ. ಆದ್ರೆ ಕೈಯಿಂದ ಕೆತ್ತಿ ಒತ್ತಿದ ಪ್ರಿಂಟಿನ ಪಕ್ಕ ಕೂರಿಸಬೇಡಿ.

ಯಲ್ಲಾಪುರದಲ್ಲೋ ಶಿರಸಿಯಲ್ಲೋ ಅಡಿಕೆ ವ್ಯಾಪಾರ ನೋಡಿದ್ದೀರಲ್ಲ? ಚೀಲದ ಮೇಲೆ ‘ರಾಶಿ’ ಅಂತ ಬರೆದ್ರೆ ಒಳಗಿನ ಚಾಲಿ ರಾಶಿ ಆಗ್ತದಾ? ಕೈ ಹಾಕಿ ನೋಡಿಯೇ ದರ ಹೇಳ್ತಾರೆ. ಚಿತ್ರ ಕೊಳ್ಳುವಾಗ ಮಾತ್ರ ನಾವು ಚೀಲ ಓದಿ ದುಡ್ಡು ಕೊಡ್ತೇವೆ.

4/5
“ಲಿಮಿಟೆಡ್ ಅನ್ನದಿದ್ರೆ ಯಾರು ಕೊಳ್ತಾರೆ?” ಅಂತ ಕೇಳ್ತೀರಿ. ಅಜ್ಜನಮನೆ ಜಗಲಿಯ ಗೋಡೆ ನೆನಪು ಮಾಡ್ಕೊಳ್ಳಿ. ರವಿವರ್ಮನ ಲಕ್ಷ್ಮಿ, ಸರಸ್ವತಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಪ್ರೆಸ್ಸಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕಲ್ಲಚ್ಚಿನ ಕೆಲಸ. ಅವೂ ಪೇಂಟಿಂಗಿನ ಪ್ರತಿಕೃತಿಗಳೇ. ಸಾವಿರಗಟ್ಟಲೆ ಹೊಡೆದ್ರು, ಮೂಲೆಯಲ್ಲಿ ಪೆನ್ಸಿಲ್ ನಂಬರಿಲ್ಲ, ಎ.ಪಿ. ಇಲ್ಲ. ಆದ್ರೂ ಜನ ಕಟ್ಟು ಹಾಕಿಸಿ ಹೂ ಏರಿಸಿದ್ರು.

ಪ್ರತಿ ಹೆಚ್ಚಾಗೋದು ಅವಮಾನ ಅಲ್ಲ. ಹತ್ತೇ ಅಂತ ಹೇಳಿ ಇಪ್ಪತ್ತೈದು ಹೊಡೆಯೋದು ಅವಮಾನ. ಬೇಕಾದಷ್ಟು ಹೊಡಿಯೋದಾದ್ರೆ ‘ಓಪನ್ ಎಡಿಷನ್’ ಅಂತ ಬರೆದು ಕಡಿಮೆಗೆ ಕೊಡಿ. ನಮ್ಮೂರಿನ ಹುಡುಗರ ಕೈಗೂ ಒಂದು ಚಿತ್ರ ಸಿಗಲಿ.

5/5
ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ: ಯಾವ ವಿಧಾನ? ಒತ್ತಿದವರು ಯಾರು? ಎ.ಪಿ. ಸೇರಿ ಒಟ್ಟು ಎಷ್ಟು? ಬ್ಲಾಕ್ ಎಂತ ಮಾಡಿದ್ರಿ? ಉತ್ತರ ತಡವರಿಸಿದ್ರೆ ದುಡ್ಡು ಕಿಸೆಯಲ್ಲೇ ಇರ್ಲಿ.

ನಾನು ಬ್ಲಾಕಿನ ಮೇಲೆ ಅಡ್ಡ ಗೀರು ಎಳೆದೆ. ಇನ್ನು ಅದರಿಂದ ಒಂದು ಪ್ರತಿಯೂ ಬರೋದಿಲ್ಲ. ಕೊಂಡವರಿಗೆಲ್ಲ ಮೆಸೇಜ್ ಮಾಡಿ ಲೆಕ್ಕ ಹೇಳಿದೆ. ಸಿದ್ದಾಪುರದ ಅಕ್ಕನಿಗೆ ಫೋನ್ ಮಾಡಿ, ನೂರು ರೂಪಾಯಿ ವಾಪಸ್ ಕೊಡ್ತೇನೆ ಅಂದೆ. “ದುಡ್ಡು ಇರ್ಲಿ ತಮಾ, ಬಂದು ಆ ಎರಡಕ್ಷರ ಅಳಿಸಿ ಹೋಗು” ಅಂದ್ರು.

ರವಿವಾರ ರಬ್ಬರ್ ಹಿಡ್ಕೊಂಡು ಹೋಗ್ತಾ ಇದ್ದೇನೆ. ನಿಮ್ಮ ಕಟ್ಟಿನಲ್ಲಿ ಎಷ್ಟು ಎ.ಪಿ. ಇದ್ದಾವೆ? ಕಮೆಂಟಿನಲ್ಲಿ ನಿಜ ಹೇಳಿ.

#ಲಿನೋಕಟ್ #ಶಿರಸಿ #ಸಿದ್ದಾಪುರ #ಯಲ್ಲಾಪುರ