ಹಾಡಿದರೆ ಹೊಟ್ಟೆ ತುಂಬೀತೇ?

ಕಳೆದ ದೀಪಾವಳಿಯ ಪಾಡ್ಯದ ದಿನ ಗಡಹಿಂಗ್ಲಜದ ಆಪ್ತರೊಬ್ಬರ ಮನೆಗೆ ಹೋಗಿದ್ದೆ. ಫರಾಳದ ತಾಟನ್ನು ಮುಂದಿಟ್ಟು ಕುಶಲ ಪ್ರಶ್ನೆ ಮುಗಿಯುವಷ್ಟರಲ್ಲಿಯೇ ಆ ಮನೆಯ ಗೃಹಿಣಿ ಮನಸ್ಸಿನಲ್ಲಿದ್ದುದನ್ನು ಹೊರಗೆಡವಿದರು.

"ಅಣ್ಣಾರ, ನೀವಾದ್ರೂ ಇವಗ ನಾಲ್ಕು ಮಾತು ಹೇಳ್ರಿ. ಹಾಡಿದ್ರ ಹೊಟ್ಟಿ ತುಂಬತೈತೇನ್ರಿ?"

"ಇವ" ಎಂದರೆ ಅವರ ಹಿರಿಯ ಮಗ. ವಾಣಿಜ್ಯದ ಪದವೀಧರ, ಇಚಲಕರಂಜಿಯ ನೂಲಿನ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಲೆಕ್ಕ ಬರೆಯುತ್ತಾನೆ. ಹತ್ತನೆಯ ವಯಸ್ಸಿನಿಂದ ಸಂಗೀತ ಕಲಿತು ವಿಶಾರದ ಪರೀಕ್ಷೆಯನ್ನೂ ಮುಗಿಸಿದ್ದಾನೆ. ಈಗ ನೌಕರಿ ಬಿಟ್ಟು ಗಾಯನವನ್ನೇ ವೃತ್ತಿಯಾಗಿ ಹಿಡಿಯುವ ನಿಶ್ಚಯ ಮಾಡಿದ್ದಾನೆ. "ಕಾಕಾ, ಮುಂಜಾನಿಯಿಂದ ಸಂಜಿತನಕ ನೂಲಿನ ಲೆಕ್ಕಾ ಬರದು, ರಾತ್ರಿ ತಂಬೂರಿ ಹಿಡದ್ರ ಧ್ವನಿ ಏಳೂದ ಇಲ್ಲ" ಎಂದು ಮೆಲ್ಲಗೆ ಹೇಳಿ ತಲೆ ತಗ್ಗಿಸಿ ಕುಳಿತನು. ತಾಯಿಯ ಅಳಲೂ ಸುಳ್ಳಲ್ಲ, ಮಗನ ಸಂಕಟವೂ ಸುಳ್ಳಲ್ಲ. ಅಂದು ನನಗೆ ಉತ್ತರ ಹೊಳೆಯಲಿಲ್ಲ. ವಿಚಾರಿಸಿ ಹೇಳುತ್ತೇನೆಂದು ಕೊಲ್ಹಾಪುರಕ್ಕೆ ಮರಳಿದೆ.

ವಾಚಕರೇ, ಈ ಪ್ರಶ್ನೆ ಆ ಒಂದು ಮನೆಯದಲ್ಲ. ನಮ್ಮ ಈ ಗಡಿಸೀಮೆಗೆ ಹೊಸದೂ ಅಲ್ಲ. ನೂರು ವರ್ಷಗಳ ಹಿಂದೆ ಹಿಂದುಸ್ತಾನಿ ಸಂಗೀತದ ದೊಡ್ಡ ದೊಡ್ಡ ಕಲಾವಿದರು ಇದೇ ಪ್ರಶ್ನೆಯನ್ನು ಇದೇ ಮಣ್ಣಿನಲ್ಲಿ ನಿಂತು ಎದುರಿಸಿದ್ದಾರೆ.

ಆ ಕಾಲದಲ್ಲಿ ಉತ್ತರ ಸರಳವಾಗಿತ್ತು: ಗವಾಯಿಯ ಹೊಟ್ಟೆಯ ಚಿಂತೆ ಸಂಸ್ಥಾನಿಕನದು. 1895ರಲ್ಲಿ ಶಾಹು ಮಹಾರಾಜರು ಉಸ್ತಾದ ಅಲ್ಲಾದಿಯಾ ಖಾನರನ್ನು ಕೊಲ್ಹಾಪುರದ ಆಸ್ಥಾನಕ್ಕೆ ಬರಮಾಡಿಕೊಂಡರು. ಗ್ವಾಲಿಯರ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಅವರಿಗೆ ಇಚಲಕರಂಜಿಯ ದರಬಾರು ಆಶ್ರಯವಿತ್ತಿತು. ಆ ಊರಿನ ಹೆಸರೇ ಅವರ ಅಡ್ಡಹೆಸರಾಯಿತು. ಆದರೆ ರಾಜಾಶ್ರಯವೆಂಬುದು ಒಬ್ಬ ದಾತೃವಿನ ಆಯುಷ್ಯಕ್ಕೆ ಕಟ್ಟಿದ ದಾರ. 1922ರಲ್ಲಿ ಶಾಹು ಮಹಾರಾಜರು ತೀರಿಕೊಂಡ ಮೇಲೆ, ಅರವತ್ತು ದಾಟಿದ ಖಾನಸಾಹೇಬರು ಮುಂಬಯಿಗೆ ತೆರಳಿ, ಶಿಷ್ಯರಿಗೆ ಕಲಿಸುತ್ತ ಹೊಸದಾಗಿ ಬದುಕನ್ನು ಕಟ್ಟಬೇಕಾಯಿತು.

ಈ ದಾರವನ್ನು ತಾವಾಗಿಯೇ ಹರಿದುಕೊಂಡು ಹೊರಟ ಸಾಹಸಿಯೊಬ್ಬರಿದ್ದರು. ಅವರೂ ನಮ್ಮ ನೆರೆಯವರೇ. 1872ರಲ್ಲಿ ಕುರುಂದವಾಡದಲ್ಲಿ ಜನಿಸಿದ ವಿಷ್ಣು ದಿಗಂಬರ ಪಲುಸ್ಕರರು ಬಾಲ್ಯದಲ್ಲಿ ಮದ್ದು ಸಿಡಿದು ಕಣ್ಣಿನ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. ಮಿರಜದಲ್ಲಿ ಬಾಲಕೃಷ್ಣಬುವಾ ಅವರ ಬಳಿ ವಿದ್ಯೆ ಸಂಪಾದಿಸಿ, 1896ರಲ್ಲಿ ಸಂಸ್ಥಾನದ ನೆರಳನ್ನು ಬಿಟ್ಟು ಉತ್ತರಕ್ಕೆ ನಡೆದರು. ಟಿಕೀಟು ಹಚ್ಚಿ ಸಾರ್ವಜನಿಕರೆದುರು ಹಾಡಿದವರಲ್ಲಿ ಅವರು ಮೊದಲಿಗರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಯಾವ ರಾಜನ ಖಜಾನೆಯನ್ನೂ ನೆಚ್ಚದೆ, ಜನರ ವಂತಿಗೆ ಮತ್ತು ತಮ್ಮ ಕಛೇರಿಗಳ ಗಳಿಕೆಯ ಮೇಲೆ ಅದನ್ನು ನಡೆಸಿದರು. ಸ್ವರಲಿಪಿಯನ್ನು ರಚಿಸಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿದರು. ಹಾಡುವುದು, ಕಲಿಸುವುದು, ಪುಸ್ತಕ ಮಾರುವುದು: ಇಂದು ನಾವು "ಸ್ವತಂತ್ರ ಕಲಾವಿದ" ಎಂದು ಕರೆಯುವವನ ಉದ್ಯೋಗದ ರೂಪರೇಷೆ ಆಗಲೇ ಸಿದ್ಧವಾಗಿತ್ತು.

ಕಥೆಯ ಇನ್ನರ್ಧವನ್ನೂ ಹೇಳಬೇಕು. 1908ರಲ್ಲಿ ಮುಂಬಯಿಯಲ್ಲಿ ಶಾಲೆ ತೆರೆದು, ಸಾಲದ ಮೇಲೆ ದೊಡ್ಡ ಕಟ್ಟಡವನ್ನೆಬ್ಬಿಸಿದರು. ಸಾಲ ತೀರಲಿಲ್ಲ, 1920ರ ದಶಕದಲ್ಲಿ ಕಟ್ಟಡ ಲಿಲಾವಿಗೆ ಹೋಯಿತು. ಉಳಿದದ್ದು ಕಲಿಸಿದ ವಿದ್ಯೆ. 1931ರಲ್ಲಿ ಅವರು ಕಾಲವಶರಾದ ಮೇಲೆ ಶಿಷ್ಯರು ಗಾಂಧರ್ವ ಮಹಾವಿದ್ಯಾಲಯ ಮಂಡಳವನ್ನು ಸ್ಥಾಪಿಸಿದರು. ಗಡಹಿಂಗ್ಲಜದ ನಮ್ಮ ಹುಡುಗ ಪಾಸಾದ ವಿಶಾರದ ಪರೀಕ್ಷೆ ಆ ಮಂಡಳದ್ದೇ.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಮಲ್ಲಿಕಾರ್ಜುನ ಮನ್ಸೂರರದು. ಇಚಲಕರಂಜಿಯ ಬುವಾ ಅವರ ಶಿಷ್ಯರಾದ ನೀಲಕಂಠಬುವಾ ಆಲೂರಮಠರು ಮಿರಜದಲ್ಲಿ ಅವರಿಗೆ ತಾಲೀಮು ಕೊಟ್ಟವರು. ನಾಟಕ ಕಂಪನಿಯಲ್ಲಿ ಬಾಲನಟ, ಆಮೇಲೆ ಗ್ರಾಮೋಫೋನ್ ತಟ್ಟೆಗಳ ಗಾಯಕ, ಮುಂದೆ ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರ, ಇವೆಲ್ಲದರ ನಡುವೆ ಊರೂರಿನ ಬೈಠಕ್ಕುಗಳು. ತಟ್ಟೆಗಳಿಂದ ಹೆಸರು ಬಂದ ಮೇಲೆಯೂ ಅವರು ಮತ್ತೆ ಶಿಷ್ಯರಾಗಿ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಮುಂದೆ ಕುಳಿತರು. 1937ರಲ್ಲಿ ಅವರು ಅಗಲಿದಾಗ ಅವರ ತಮ್ಮ ಭೂರ್ಜೀ ಖಾನರಿಂದ ಕಲಿತರು. 1992ರಲ್ಲಿ ಪದ್ಮವಿಭೂಷಣ ಪಡೆದ ಆ ಮಹಾನುಭಾವರ ಜೀವನದಿಂದಲೂ ತಿಳಿಯುವುದು ಇಷ್ಟೇ: ಸಂಗೀತವು ಒಂದೇ ಕಾಲಿನ ಮೇಲೆ ನಿಲ್ಲುವ ವೃತ್ತಿಯಲ್ಲ, ಮತ್ತು ಗಳಿಕೆ ಆರಂಭವಾಯಿತೆಂದು ಕಲಿಕೆ ನಿಲ್ಲುವುದಿಲ್ಲ.

ಇಷ್ಟು ವಿಚಾರ ಮಾಡಿದಾಗ ಆ ತಾಯಿಯ ಪ್ರಶ್ನೆ ಮಗನನ್ನು ಬಿಟ್ಟು ನನ್ನ ಕಡೆಗೇ ತಿರುಗಿತು. ಸಂಸ್ಥಾನಗಳು ಅಳಿದವು, ಅವುಗಳ ಗಾದಿಯ ಮೇಲೆ ಈಗ ಕುಳಿತವರು ಯಾರು? ಕೇಳುಗರಾದ ನಾವು. ನಾವು ಎಂಥ ಸಂಸ್ಥಾನಿಕರು?

ಕೆಲವು ವರ್ಷಗಳ ಹಿಂದೆ ನಮ್ಮವರ ಒಂದು ಸಂಘದಲ್ಲಿ ರಾಜ್ಯೋತ್ಸವದ ಜಮಾಖರ್ಚು ನನ್ನ ಕೈಯಲ್ಲಿತ್ತು. ಮಂಟಪದವನಿಗೆ ಮುಂಗಡ ಕೊಟ್ಟೆವು. ಧ್ವನಿವರ್ಧಕದವನು ತನ್ನ ಪೆಟ್ಟಿಗೆಗಳನ್ನು ಕಟ್ಟುವ ಮೊದಲೇ ಹಣ ಎಣಿಸಿಕೊಂಡನು. ಊಟದವರ ಬಾಕಿ ಮರುದಿನ ತೀರಿತು. ಎರಡು ತಾಸು ವಚನಗಳನ್ನು ಹಾಡಿ ನಮ್ಮೆಲ್ಲರ ಕಣ್ಣು ತೇವಗೊಳಿಸಿದ ಗಾಯಕಿಗೆ ಶಾಲು, ತೆಂಗಿನಕಾಯಿ ಮತ್ತು ಬಸ್ಸಿನ ಖರ್ಚು! "ಕಲೆಗೆ ಬೆಲೆ ಕಟ್ಟಲಾದೀತೇ?" ಎಂದು ಅಧ್ಯಕ್ಷರು ಭಾಷಣ ಮಾಡಿದರು. ಎಲ್ಲರೊಡನೆ ನಾನೂ ಚಪ್ಪಾಳೆ ತಟ್ಟಿದೆ. ಬೆಲೆ ಕಟ್ಟಲಾಗದೆಂದು ಹೇಳಿ ಏನನ್ನೂ ಕೊಡದೆ ಕಳಿಸಿದ ಆ ಲೆಕ್ಕದ ಪುಸ್ತಕದಲ್ಲಿ ನನ್ನ ಸಹಿ ಇಂದಿಗೂ ಇದೆ.

ಆದ್ದರಿಂದ ಆ ತಾಯಿಗೆ ನಾನು ಬರೆದ ಉತ್ತರ ಎರಡು ಭಾಗದ್ದು.

ಮಗನಿಗೆ: ನೌಕರಿಯನ್ನು ಇಂದೇ ಬಿಡಬೇಡ, ಅರ್ಧ ದಿನದ ಕೆಲಸ ದೊರೆತೀತೇ ಎಂದು ಮಾಲಕರನ್ನು ಕೇಳು. ನಸುಕಿನ ರಿಯಾಜನ್ನು ಯಾವ ಗಳಿಕೆಗೂ ಮಾರಬೇಡ. ನಾಲ್ಕಾರು ಮಕ್ಕಳಿಗೆ ಕಲಿಸಲು ಆರಂಭಿಸು. ತಿಂಗಳ ಆ ಶುಲ್ಕವೇ ಮಳೆಗಾಲದಲ್ಲಿ ಕಾರ್ಯಕ್ರಮಗಳಿಲ್ಲದಾಗ ಮನೆಯನ್ನು ನಡೆಸುತ್ತದೆ. ಆಕಾಶವಾಣಿಯ ಧ್ವನಿಪರೀಕ್ಷೆಗೆ ಸಿದ್ಧನಾಗು. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಲ್ಲಿ ಕೆಳಗಿನದೇ ದೊರೆತರೂ ಅದು ನಾಲ್ಕು ಜನರು ಒಪ್ಪುವ ಪ್ರಮಾಣ. ಯೂಟ್ಯೂಬಿನಲ್ಲಿ ಹಾಡಿ ಹಾಕು. ಆದರೆ ಅದು ನಿನ್ನ ಪರಿಚಯಪತ್ರವೆಂದು ತಿಳಿ, ಪಗಾರವೆಂದಲ್ಲ. ಧ್ವನಿಮುದ್ರಣದ ಯಾವ ಕಾಗದಕ್ಕೂ ಓದದೆ ಸಹಿ ಮಾಡಬೇಡ. 2012ರಲ್ಲಿ ಕೃತಿಸ್ವಾಮ್ಯದ ಕಾಯದೆಗೆ ಆದ ತಿದ್ದುಪಡಿಯು ಗಾಯಕ ವಾದಕರಿಗೂ ರಾಯಧನದ ಹಕ್ಕನ್ನು ಕೊಟ್ಟಿದೆ. ಹಕ್ಕು ಇದೆಯೆಂದು ತಿಳಿಯದವನಿಗೆ ಅದು ಇದ್ದೂ ಇಲ್ಲದಂತೆ. ಸಾಲ ಮಾಡಿ ಏನನ್ನೂ ಕಟ್ಟಬೇಡ; ಪಲುಸ್ಕರರಂಥವರಿಗೂ ಅದು ತೀರಲಿಲ್ಲ. ಕೊನೆಯದಾಗಿ, ನೂಲಿನ ಪೇಢಿಯಲ್ಲಿ ಕಲಿತ ಲೆಕ್ಕವನ್ನು ಹಗುರಾಗಿ ಕಾಣಬೇಡ. ಅನೇಕ ಕಲಾವಂತರಿಗೆ ಇಲ್ಲದ ಆ ವಿದ್ಯೆ ನಿನಗಿದೆ. ಮೂರು ವರ್ಷ ಜಮಾಖರ್ಚು ಬರೆದಿಡು. ಗಾಯನದ ಗಳಿಕೆ ಪಗಾರದ ಸಮಕ್ಕೆ ಬಂದ ದಿನ ತಾಯಿಯ ಮುಂದೆ ಆ ಪುಸ್ತಕವನ್ನಿಟ್ಟು ಅಪ್ಪಣೆ ಕೇಳು.

ತಾಯಿಗೆ: ಅಕ್ಕಾ, ಹಾಡಿದರೆ ಹೊಟ್ಟೆ ತುಂಬುತ್ತದೆ, ಕೇಳಿದವರು ಕೊಟ್ಟರೆ. ಕೊಡುವುದನ್ನು ಮೊದಲು ನಾವು ಕಲಿಯುತ್ತೇವೆ.

ಕೊಟ್ಟ ಮಾತಿನಂತೆ, ನಮ್ಮ ಮನೆಯ ವಾಸ್ತುಶಾಂತಿಗೆ ಹಾಡಲು ಆ ಹುಡುಗನನ್ನೇ ಕರೆಯುವುದೆಂದು ನಿಶ್ಚಯಿಸಿ ಮೊನ್ನೆ ಫೋನು ಮಾಡಿದೆ. ಬಿದಾಗಿ ಎಷ್ಟೆಂದು ಕೇಳಿದೆ. "ನೀವ ತಿಳದು ಕೊಡ್ರಿ ಕಾಕಾ" ಎಂದನು. ವೃತ್ತಿಗಾರನು ಮೊದಲು ಬಿಡಬೇಕಾದ ಮಾತು ಇದೇ ಎಂದು ನಾನು ತಿಳಿಹೇಳುತ್ತಿರುವಾಗ ಅವನ ಕೈಯಿಂದ ತಾಯಿ ಫೋನು ಕಸಿದುಕೊಂಡರು. ಒಂದು ಅಂಕಿ ಹೇಳಿದರು. ನಾನು ಒಪ್ಪಿದೆ. ಅವರು ಒಂದು ಕ್ಷಣ ತಡೆದು ನುಡಿದರು:

"ತಬಲಾದವರದು ಬ್ಯಾರೆ, ಅಣ್ಣಾರ."