ಕುಳ್ಳ ನೆಪೋಲಿಯನ್ ಎಲ್ಲಿಂದ ಬಂದ?

ನೆಪೋಲಿಯನ್ ಕುಳ್ಳ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅವನ ಎತ್ತರ ಸುಮಾರು 168 ಸೆಂಟಿಮೀಟರ್. ಅಂದಿನ ಫ್ರೆಂಚ್ ಗಂಡಸರ ಸರಾಸರಿಗೆ ಅದೇನೂ ಕಡಿಮೆಯಲ್ಲ. ಅವನನ್ನು ಮೋಟು ಮಾಡಿದವನು ಲಂಡನ್ನಿನ ಜೇಮ್ಸ್ ಗಿಲ್‌ರೇ. 1803ರ ಸುಮಾರಿಗೆ ಅವನು ಬರೆದ ವ್ಯಂಗ್ಯಚಿತ್ರಗಳಲ್ಲಿ ಈ ಸೇನಾನಿ ಕುರ್ಚಿ ಮೇಜು ಉರುಳಿಸಿ ರಂಪ ಮಾಡುವ ಪುಟಾಣಿ. ಫ್ರೆಂಚ್ ಅಂಗುಲಕ್ಕೂ ಇಂಗ್ಲಿಷ್ ಅಂಗುಲಕ್ಕೂ ಇದ್ದ ವ್ಯತ್ಯಾಸ ಗೊಂದಲವನ್ನು ಹೆಚ್ಚಿಸಿತು, ನಿಜ. ಆದರೆ ಅಂಗುಲದ ಲೆಕ್ಕ ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ರಂಪ ಮಾಡುವ ಕುಳ್ಳ ನಿಲ್ಲುತ್ತಾನೆ. ಸಂಪಾದಕೀಯಕ್ಕಾದರೆ ಪ್ರತ್ಯುತ್ತರ ಬರೆಯಬಹುದು. ‘ನಾನು ಕುಳ್ಳನಲ್ಲ’ ಎಂದು ಹೇಳಿಕೆ ಕೊಡುವ ನಾಯಕ ಇನ್ನಷ್ಟು ಕುಳ್ಳನಾಗುತ್ತಾನೆ.

ಇಷ್ಟರಿಂದ ವ್ಯಂಗ್ಯಚಿತ್ರ ಸರ್ಕಾರಗಳನ್ನೇ ಉರುಳಿಸುತ್ತದೆ ಎಂದುಕೊಂಡರೆ ಅದು ವ್ಯಂಗ್ಯಚಿತ್ರಕಾರರ ಮೇಲಿನ ಅತಿಪ್ರೀತಿ. ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿ ಟ್ವೀಡ್‌ನ ತಲೆಯ ಜಾಗದಲ್ಲಿ ಹಣದ ಚೀಲ ಇಟ್ಟು ಥಾಮಸ್ ನಾಸ್ಟ್ ಚಿತ್ರ ಬರೆದದ್ದು 1871ರಲ್ಲಿ. ಅದೇ ನವೆಂಬರಿನಲ್ಲಿ ಟ್ವೀಡ್‌ನ ಕೂಟ ಸೋತಿತು, ಟ್ವೀಡ್ ಮಾತ್ರ ರಾಜ್ಯ ಸೆನೆಟ್‌ಗೆ ಮತ್ತೆ ಗೆದ್ದ. ಕೂಟದ ಬುಡ ಅಲುಗಿಸಿದ್ದರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಲೆಕ್ಕಪತ್ರಗಳ ಪಾಲು ದೊಡ್ಡದು. ಆದರೆ 1876ರಲ್ಲಿ ಅವನು ಸ್ಪೇನಿಗೆ ಓಡಿಹೋದಾಗ ಅಲ್ಲಿನ ಅಧಿಕಾರಿಗಳು ಗುರುತು ಹಿಡಿದದ್ದು ನಾಸ್ಟ್‌ನ ಚಿತ್ರ ನೋಡಿ! ಅವನ ಕ್ಷೇತ್ರದ ಮತ ಕದಲಿರಲಿಲ್ಲ, ಮುಖ ಅಚ್ಚಾಗಿತ್ತು. ಜನರೊಳಗೆ ಚದುರಿಕೊಂಡಿರುವ ಅನುಮಾನಕ್ಕೆ ಒಂದು ರೂಪ ಕೊಡುವುದೇ ಈ ಕಲೆಯ ಕೆಲಸ. 1975ರ ಡಿಸೆಂಬರಿನಲ್ಲಿ ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಸುಗ್ರೀವಾಜ್ಞೆಗೆ ಸಹಿ ಹಾಕಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡಿದ್ದ ಆ ಮನುಷ್ಯನಿಗೆ ಇದು ಅನ್ಯಾಯವೇ? ಅಲ್ಲ ಎಂದೇ ನನ್ನ ಎಣಿಕೆ. ಸಂಪುಟದ ಒಪ್ಪಿಗೆಗೂ ಮುಂಚೆ ತುರ್ತುಪರಿಸ್ಥಿತಿಯ ಘೋಷಣೆಗೆ ಅವರು ಸಹಿ ಮಾಡಿದ್ದರು. ಅಬು ಹಿಗ್ಗಿಸಿದ್ದು ನಡೆದ ಕೃತ್ಯವನ್ನು, ಗಿಲ್‌ರೇ ಕುಗ್ಗಿಸಿದ್ದು ಇಲ್ಲದ ದೋಷ ಹುಡುಕಿ ದೇಹವನ್ನು.

ಚಿತ್ರಕಾರ ಬರೆದದ್ದೇ ನೋಡುಗರಿಗೂ ಕಾಣುತ್ತದೆ ಎನ್ನುವಂತಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಸಂವಿಧಾನವನ್ನು ಬಸವನಹುಳುವಾಗಿಸಿ ಅದರ ಮೇಲೆ ಅಂಬೇಡ್ಕರರನ್ನು ಕೂರಿಸಿದರು, ಹಿಂದೆ ಚಾಟಿ ಎತ್ತಿದ ನೆಹರೂ. ಗುರಿ ಕರಡಿನ ನಿಧಾನಗತಿ. 2012ರಲ್ಲಿ ಅದೇ ಚಿತ್ರ ಹನ್ನೊಂದನೇ ತರಗತಿಯ ಪಠ್ಯದಲ್ಲಿದ್ದದ್ದಕ್ಕೆ ಸಂಸತ್ತಿನಲ್ಲಿ ಗದ್ದಲವೆದ್ದಿತು. ಅಂಬೇಡ್ಕರರ ಬೆನ್ನ ಹಿಂದಿನ ಚಾಟಿ ಎಂದರೇನೆಂದು ತಲೆಮಾರುಗಳಿಂದ ಬಲ್ಲವರಿಗೆ ಬಸವನಹುಳು ಕಣ್ಣಿಗೇ ಬೀಳಲಿಲ್ಲ. ಅದನ್ನು ಅಸಹನೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಗೆರೆ ಅಷ್ಟು ಆಳಕ್ಕೆ ಇಳಿಯುತ್ತದೆ ಎಂದು ಹೊಗಳುವವರು, ಅದು ಯಾರ ಗಾಯದ ಮೇಲೆ ಹಾದುಹೋಯಿತೆಂದು ಕೇಳಿದಾಗ ‘ಬರೀ ತಮಾಷೆ’ ಎನ್ನುವಂತಿಲ್ಲ.