ವಾತಾಪಿ ಗೆದ್ದವನ ಊರಲ್ಲಿ ವೀಕೆಂಡು

ಮಹಾಬಲಿಪುರ ಈಗ ಬೆಂಗಳೂರಿನ ಐಟಿ ಮಂದಿಯ ಲಾಂಗ್ ವೀಕೆಂಡ್ ಊರು. ಶುಕ್ರವಾರ ರಾತ್ರಿ ಹೊರಡೋದು, ಬೆಳಗ್ಗೆ ಸಮುದ್ರ, ಮಧ್ಯಾಹ್ನ ಮೀನು ಫ್ರೈ, ಸಂಜೆ 'ಕೃಷ್ಣನ ಬೆಣ್ಣೆಮುದ್ದೆ' ಬಂಡೆಯನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದ ಹಾಗೆ ಒಂದು ಫೋಟೋ. ಮುಗೀತು. ಗುಡಿಗಳ ಬಗ್ಗೆ ಕೇಳಿದ್ರೆ, "ಹಳೇ ಕಲ್ಲು ಮಗಾ, ಒಂದು ನೋಡಿದ್ರೆ ಎಲ್ಲಾ ನೋಡಿದಂಗೆ" ಅಂತಾರೆ.

ರಜೆಯಲ್ಲಿ ಯಾರೂ ಇತಿಹಾಸ ಓದಬೇಕಿಲ್ಲ, ಒಪ್ತೀನಿ. ನನ್ನ ತಕರಾರು ಬೇರೆ. ಕಾವೇರಿ ಗಲಾಟೆ ಎದ್ದ ದಿನ ಇದೇ ಮಂದಿ ಟ್ವಿಟರ್‌ನಲ್ಲಿ ಇಮ್ಮಡಿ ಪುಲಿಕೇಶಿಯ ಕತ್ತಿ ಹಿಡ್ಕೊಂಡು ನಿಂತಿರ್ತಾರೆ.

ಸ್ವಾಮಿ, ಆ ಊರಿನ ಹೆಸರಲ್ಲೇ ನಮ್ಮ ಕಥೆಯೂ ಇದೆ. ಅದು ಮಾಮಲ್ಲಪುರ. ಮಾಮಲ್ಲ ಅಂದ್ರೆ ಪಲ್ಲವರ ಒಂದನೇ ನರಸಿಂಹವರ್ಮ. ಇವನ ಅಪ್ಪನ ಮೇಲೆ ಪುಲಿಕೇಶಿ ದಂಡೆತ್ತಿ ಹೋಗಿದ್ದ. ಮಗ ತಿರುಗಿ ಬಂದು 642ರಲ್ಲಿ ಬಾದಾಮಿಯನ್ನೇ ಹಿಡಿದ, 'ವಾತಾಪಿಕೊಂಡ' ಅನ್ನಿಸ್ಕೊಂಡ. ನಮಗೆ ನರ್ಮದೆಯಲ್ಲಿ ಹರ್ಷ ಸೋತಿದ್ದು ನೆನಪಿರುತ್ತೆ, ಇದು ಮಾತ್ರ ಮರೆತುಹೋಗುತ್ತೆ.

ಇನ್ನೊಂದು ಕೇಳಿ. ನೀವು ಸೆಲ್ಫಿ ತೆಗೆಯೋ ಕಡಲತೀರದ ಗುಡಿ ಕಟ್ಟಿಸಿದ ರಾಜಸಿಂಹನೇ ಕಂಚಿಯ ಕೈಲಾಸನಾಥವನ್ನೂ ಕಟ್ಟಿಸಿದ್ದು. ಬಾದಾಮಿ ಬಿದ್ದು ಸುಮಾರು 100 ವರ್ಷದ ಮೇಲೆ ನಮ್ಮ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದು ಒಳಗೆ ಹೋದ. ಸೇಡಿಗೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಿತ್ತಾ? ಆದ್ರೆ ಕೈಲಾಸನಾಥನ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ ಅಂತ ಅದೇ ಗುಡಿಯ ಕಂಬದ ಮೇಲಿನ ಶಾಸನ ಹೇಳುತ್ತೆ. ಅದೂ ಕನ್ನಡದಲ್ಲಿ! ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ನೋಡಿ. ಕಂಚಿಯ ಛಾಪು ಎದ್ದು ಕಾಣುತ್ತೆ.

ಹಾಗಂತ ರಾಜರೆಲ್ಲ ಸಂತರಾಗಿದ್ರು ಅಂತಲ್ಲ. ನೆಲಕ್ಕಾಗಿ, ಖಜಾನೆಗಾಗಿ ತಲೆಮಾರುಗಟ್ಟಲೆ ಹೊಡೆದಾಡಿದ್ರು. ಆದ್ರೆ ಎದುರಾಳಿಯ ಕೆಲಸ ಚೆನ್ನಾಗಿದೆ ಅಂತ ಒಪ್ಪಿ, ಅದರಿಂದ ಕಲಿಯೋ ದೊಡ್ಡತನವೂ ಇತ್ತು. ಕೀಬೋರ್ಡ್ ವೀರರಿಗೆ ಅದೊಂದೇ ಇಲ್ಲ. ಅವರ ಹೆಮ್ಮೆಗೆ ಗೆದ್ದ ಯುದ್ಧ ಮಾತ್ರ ಬೇಕು, ಕೊಡು-ಕೊಳ್ಳು ಬೇಡ.

ಮುಂದಿನ ಸಲ ಅರ್ಧ ದಿನ ಪಂಚರಥಗಳ ಹತ್ರ ಕಳೀರಿ. ಹೆಸರಿಗೆ ಪಾಂಡವರ ರಥ, ನಿಜಕ್ಕೆ ರಥವೂ ಅಲ್ಲ, ಪಾಂಡವರದೂ ಅಲ್ಲ. ಇಡೀ ಬಂಡೆಯನ್ನೇ ಗುಡಿಯ ಆಕಾರಕ್ಕೆ ಕೆತ್ತಿ, ಕೆಲಸ ಅರ್ಧಕ್ಕೆ ನಿಲ್ಲಿಸಿದ್ದಾರೆ. ಉಳಿ ಎಲ್ಲಿ ನಿಂತಿತು ಅಂತ ಬರಿಗಣ್ಣಿಗೇ ಕಾಣುತ್ತೆ. ಊರ ಬೀದಿಗೆ ಬಂದ್ರೆ ಇವತ್ತಿಗೂ ಕಲ್ಲು ಕೆತ್ತೋ ಸದ್ದು ಕೇಳುತ್ತೆ.

ವಾಪಸ್ ಬರ್ತಾ ಕಂಚಿಗೂ ಹೋಗಿ, ಬೆಂಗಳೂರಿನ ದಾರಿಯಲ್ಲೇ ಸಿಗುತ್ತೆ. ಕೈಲಾಸನಾಥದ ಕಂಬದ ಮೇಲಿನ ಆ ಕನ್ನಡ ಅಕ್ಷರ ನೋಡಿದ ಮೇಲೂ 'ಅವರು-ನಾವು' ಅಂತ ಪೋಸ್ಟ್ ಹಾಕೋಕೆ ನಿಮ್ಮ ಬೆರಳು ಏಳುತ್ತಾ, ನೋಡೇಬಿಡೋಣ.